ಒಂಟಿಯಾಗಿ ನಿಂತ ರನ್ನಿಂಗ್ ಬ್ಯಾಕ್‌ಗೆ ಚೆಂಡು ಏಕೆ ಬರುವುದಿಲ್ಲ?

ಪ್ರಶ್ನೆ: ನಾನು ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ. ಶನಿವಾರಗಳಂದು ನಮ್ಮ ತಂಡದ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳನ್ನು ನೋಡುತ್ತಾ ಆಟ ತಕ್ಕಮಟ್ಟಿಗೆ ಅರ್ಥವಾಗಿದೆ, ಆದರೆ ಒಂದು ಸಂಗತಿ ಬಗೆಹರಿದಿಲ್ಲ. ಚೆಂಡು ಹಿಡಿದು ಓಡುವುದೇ ಮುಖ್ಯ ಕೆಲಸವಾದ ರನ್ನಿಂಗ್ ಬ್ಯಾಕ್ ನಾಲ್ಕೈದು ಗಜ ಮುಂದೆ ಒಬ್ಬನೇ ನಿಂತಿರುತ್ತಾನೆ, ಸುತ್ತ ಎದುರಾಳಿಗಳಿರುವುದಿಲ್ಲ. ಆದರೂ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಇಬ್ಬರು ಕಾವಲಿರುವ ದೂರದ ಆಟಗಾರನಿಗೇ ಎಸೆಯುತ್ತಾನೆ, ಇಲ್ಲವೇ ಚೆಂಡನ್ನು ಹಿಡಿದುಕೊಂಡೇ ನೆಲಕ್ಕುರುಳುತ್ತಾನೆ. ಅವನಿಗೆ ಕಾಣುವುದಿಲ್ಲವೇ ಅಥವಾ ಹಾಗೆಯೇ ಕಲಿಸಿರುತ್ತಾರೆಯೇ? ವೃತ್ತಿಪರ ಆಟದಲ್ಲಿ ಇದು ಇಷ್ಟಾಗಿ ಕಾಣುವುದಿಲ್ಲವೇಕೆ?

ಉತ್ತರ: ನೀವು ಗಮನಿಸಿರುವುದು ನಿಜ, ಮತ್ತು ಅದು ನಿಮ್ಮ ತಂಡವೊಂದರ ದೋಷವಲ್ಲ. ದೂರ ಓಡಿದವರೆಲ್ಲ ಎದುರಾಳಿಗಳ ಕಾವಲಿಗೆ ಸಿಕ್ಕಾಗ ಹತ್ತಿರದಲ್ಲಿರುವ ರನ್ನಿಂಗ್ ಬ್ಯಾಕ್‌ಗೆ ಕೊಡುವ ಆ ಚಿಕ್ಕ ಎಸೆತವನ್ನು ಚೆಕ್‌ಡೌನ್ ಎನ್ನುತ್ತಾರೆ. ಅದು ಕೈತಪ್ಪಿದಾಗ ಹುಡುಗನ ಕಣ್ಣನ್ನೋ ದುಡುಕನ್ನೋ ದೂರುವುದು ಸುಲಭ. ವೀಕ್ಷಕ ವಿವರಣೆಗಾರರೂ ಹೆಚ್ಚಾಗಿ ಅದನ್ನೇ ಮಾಡುತ್ತಾರೆ. ನನ್ನ ತಿಳಿವಳಿಕೆ ಬೇರೆ. ರನ್ನಿಂಗ್ ಬ್ಯಾಕ್‌ನನ್ನು ಎಲ್ಲರ ಕೊನೆಯಲ್ಲಿ, ಬೇರೇನೂ ಸಿಗದಿದ್ದರೆ ಬಳಸುವ ಆಯ್ಕೆಯಾಗಿ ಇಟ್ಟುಕೊಂಡ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಕೂಡ ಅವನನ್ನು ಹಾಗೆಯೇ ಕಾಣುತ್ತಾನೆ. ಅವನನ್ನು ಯೋಜನೆಯ ನಡುವಿಗೇ ತಂದ ತಂಡದಲ್ಲಿ ಅದೇ ವಯಸ್ಸಿನ, ಅಷ್ಟೇ ಅನುಭವವಿರುವ ಹುಡುಗ ಯಾವ ಹಿಂಜರಿಕೆಯೂ ಇಲ್ಲದೆ ಅವನಿಗೆ ಎಸೆಯುತ್ತಾನೆ. ಆದ್ದರಿಂದ ದೋಷ ಬಹುಪಾಲು ಕಲಿಕೆಯಲ್ಲಿದೆ, ಆಟದ ರಚನೆಯಲ್ಲಿದೆ; ಕಣ್ಣಿನ ಪಾಲು ಕಡಿಮೆ.

ಮೊದಲು ಕ್ವಾರ್ಟರ್‌ಬ್ಯಾಕ್‌ನ ಜಾಗದಿಂದ ನೋಡೋಣ. ದೂರದರ್ಶನದ ಕ್ಯಾಮೆರಾ ಕ್ರೀಡಾಂಗಣದ ಎತ್ತರದಲ್ಲಿ, ಮೈದಾನದ ಪಕ್ಕದಲ್ಲಿರುತ್ತದೆ. ಅಲ್ಲಿಂದ ಖಾಲಿ ಜಾಗ ಖಾಲಿಯಾಗಿಯೇ ಕಾಣುತ್ತದೆ. ಕ್ವಾರ್ಟರ್‌ಬ್ಯಾಕ್ ನಿಂತಿರುವುದು ಚೆಂಡಿನಿಂದ ಸುಮಾರು ಐದು ಗಜ ಹಿಂದೆ. ಅವನ ಮುಂದೆ ಅವನನ್ನು ಕಾಯುವ, ಆರೂಕಾಲು ಅಡಿ ಎತ್ತರದ ಐವರು ಲೈನ್‌ಮನ್‌ಗಳು, ಅವರನ್ನು ತಳ್ಳಿಕೊಂಡು ಕೈಯೆತ್ತಿ ಬರುತ್ತಿರುವ ಅಷ್ಟೇ ಎತ್ತರದ ನಾಲ್ವರು ಎದುರಾಳಿಗಳು. ಇಪ್ಪತ್ತು ಗಜ ದೂರದಲ್ಲಿ ಓಡುವವನು ಈ ಗೋಡೆಯ ಮೇಲಿನಿಂದ ಕಾಣುತ್ತಾನೆ. ನಾಲ್ಕು ಗಜ ದೂರದಲ್ಲಿರುವ ರನ್ನಿಂಗ್ ಬ್ಯಾಕ್ ಗೋಡೆಯ ಹಿಂದೆಯೇ ಮರೆಯಾಗಿರುತ್ತಾನೆ. ನಿಮಗೆ ಅತಿ ಸುಲಭವೆಂದು ತೋರುವ ಎಸೆತ, ನಿಂತ ಕಾಲಿನಲ್ಲಿ ಅವನಿಗೆ ಕಾಣುವುದೇ ಕಷ್ಟ.

ಎರಡನೆಯದು ಹೊತ್ತಿನ ಮಾತು, ಮತ್ತು ಇದೇ ಇಡೀ ಪ್ರಶ್ನೆಯ ತಿರುಳು. ರನ್ನಿಂಗ್ ಬ್ಯಾಕ್ ಸುಮ್ಮನೆ ಒಂಟಿಯಾಗುವುದಿಲ್ಲ, ಉಳಿದವರು ಅವನನ್ನು ಒಂಟಿಯಾಗಿಸುತ್ತಾರೆ. ಸ್ನ್ಯಾಪ್ ಆದ, ಅಂದರೆ ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈಗೆ ಬಂದ ಗಳಿಗೆಯಲ್ಲಿ ಎದುರಾಳಿಗಳ ಎರಡನೆಯ ಸಾಲಿನ ಲೈನ್‌ಬ್ಯಾಕರ್‌ಗಳು ನಾಲ್ಕೈದು ಗಜದ ಆಳದಲ್ಲೇ ಇರುತ್ತಾರೆ. ಎಸೆತ ಹಿಡಿಯಲು ದೂರ ಓಡುವ ರಿಸೀವರ್‌ಗಳನ್ನು ಕಂಡು ಅವರು ಹಿಂದಕ್ಕೆ ಸರಿದ ಮೇಲೆ ಮಾತ್ರ ಅವರ ಮುಂದಿನ ಜಾಗ ಬರಿದಾಗುತ್ತದೆ. ಅಂದರೆ ಚೆಕ್‌ಡೌನ್ ತೆರೆದುಕೊಳ್ಳುವುದು ಎಲ್ಲಕ್ಕಿಂತ ತಡವಾಗಿ, ಸರಿಸುಮಾರು ಎರಡೂವರೆಯಿಂದ ಮೂರು ಸೆಕೆಂಡುಗಳ ಹೊತ್ತಿಗೆ. ಕ್ವಾರ್ಟರ್‌ಬ್ಯಾಕ್‌ನ ಸುತ್ತಲಿನ ರಕ್ಷಣೆ, ಅಂದರೆ ಪಾಕೆಟ್, ಕುಸಿಯತೊಡಗುವುದೂ ಅದೇ ಹೊತ್ತಿಗೆ. ಎರಡೂ ಒಟ್ಟಿಗೆ ಆಗುವುದರಿಂದ, ಅನುಭವವಿಲ್ಲದವನ ಕಣ್ಣು ದೂರದ ಓಟಗಾರರಿಂದ ಕೆಳಗಿಳಿಯುವಾಗ ರನ್ನಿಂಗ್ ಬ್ಯಾಕ್‌ನ ಮೇಲೆ ನಿಲ್ಲದೆ ಮೈಮೇಲೆ ಬರುತ್ತಿರುವವರ ಮೇಲೆ ನಿಂತುಬಿಡುತ್ತದೆ. ಒಮ್ಮೆ ಅಲ್ಲಿ ನಿಂತ ಕಣ್ಣು ಮತ್ತೆ ಮೈದಾನದತ್ತ ಏಳುವುದು ಬಹಳ ಅಪರೂಪ.

ಇದರ ಜೊತೆಗೆ ಹೊರಗಿನವರಿಗೆ ಗೊತ್ತಾಗದ ಇನ್ನೊಂದು ತೊಡಕಿದೆ. ಬಹಳಷ್ಟು ಪಾಸ್ ಆಟಗಳಲ್ಲಿ ರನ್ನಿಂಗ್ ಬ್ಯಾಕ್‌ನ ಮೊದಲ ಕೆಲಸ ಚೆಂಡು ಹಿಡಿಯುವುದಲ್ಲ, ಕ್ವಾರ್ಟರ್‌ಬ್ಯಾಕ್‌ನ ಕಾವಲು ಕಾಯುವುದು. ತನಗೆ ಗೊತ್ತುಮಾಡಿದ ಲೈನ್‌ಬ್ಯಾಕರ್ ಬ್ಲಿಟ್ಜ್‌ಗೆ, ಅಂದರೆ ಕ್ವಾರ್ಟರ್‌ಬ್ಯಾಕ್‌ನ ಮೇಲೆ ನುಗ್ಗಿದರೆ ಅವನನ್ನು ತಡೆಯಬೇಕು. ನುಗ್ಗದಿದ್ದರೆ ಮಾತ್ರ ಸಾಲಿನ ನಡುವಿನಿಂದಲೋ ಪಕ್ಕದಿಂದಲೋ ಹೊರಬರಬೇಕು. ಆದ್ದರಿಂದ ಅವನು ಈ ಸಲ ಹೊರಬರುತ್ತಾನೋ ಇಲ್ಲವೋ ಎಂಬುದು ಸ್ನ್ಯಾಪ್‌ಗೆ ಮುಂಚೆ ಕ್ವಾರ್ಟರ್‌ಬ್ಯಾಕ್‌ಗೆ ಖಚಿತವಾಗಿ ಗೊತ್ತಿರುವುದಿಲ್ಲ. ಬೇರೆ ರಿಸೀವರ್‌ಗಳು ಎಷ್ಟನೆಯ ಹೆಜ್ಜೆಗೆ ಎಲ್ಲಿರುತ್ತಾರೆಂಬುದು ಅವನಿಗೆ ಬಾಯಿಪಾಠ; ಇವನೊಬ್ಬನನ್ನು ಮಾತ್ರ ಹುಡುಕಬೇಕು. ಕಾಲೇಜಿನ ಹುಡುಗನೊಬ್ಬ ತನಗೆ ಗೊತ್ತಿರುವ ಜಾಗಕ್ಕೇ ಅಂಟಿಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ?

ಇನ್ನು ಕಲಿಕೆಗೆ ಬರೋಣ. ಕ್ವಾರ್ಟರ್‌ಬ್ಯಾಕ್ ಮೈದಾನವನ್ನು ಮನಬಂದಂತೆ ನೋಡುವುದಿಲ್ಲ. ಮೊದಲು ಯಾರು, ಅವನಿಲ್ಲದಿದ್ದರೆ ಯಾರು ಎಂಬ ಕ್ರಮವನ್ನು ಪ್ರತಿ ಆಟಕ್ಕೂ ಕಲಿಸಿರುತ್ತಾರೆ. ಅದಕ್ಕೆ ಪ್ರೊಗ್ರೆಷನ್ ಎಂದು ಹೆಸರು. ಕಾಲೇಜು ಆಟದ ಇಂದಿನ ರೂಢಿಯಲ್ಲಿ ಈ ಕ್ರಮ ಬಹಳ ಮೊಟಕು. ಉದಾಹರಣೆಗೆ, ಓಟ ಮತ್ತು ಎಸೆತ ಎರಡನ್ನೂ ಒಂದೇ ಆಟದಲ್ಲಿ ಜೋಡಿಸುವ ಆರ್‌ಪಿಒ ಎಂಬ ತಂತ್ರವನ್ನು ತೆಗೆದುಕೊಳ್ಳಿ. ಅಲ್ಲಿ ಕ್ವಾರ್ಟರ್‌ಬ್ಯಾಕ್ ಒಬ್ಬನೇ ಒಬ್ಬ ಎದುರಾಳಿಯನ್ನು ನೋಡುತ್ತಾನೆ. ಅವನು ಮುಂದಕ್ಕೆ ಬಂದರೆ ಅವನ ಬೆನ್ನ ಹಿಂದಕ್ಕೆ ಎಸೆತ, ಹಿಂದಕ್ಕೆ ಹೋದರೆ ಚೆಂಡು ರನ್ನಿಂಗ್ ಬ್ಯಾಕ್‌ನ ಕೈಗೆ. ಕಾಲೇಜು ನಿಯಮದಲ್ಲಿ ಲೈನ್‌ಮನ್‌ಗಳು ಮುಂದಕ್ಕೆ ಎಸೆದ ಪಾಸ್‌ಗೆ ಮುನ್ನ ಮೂರು ಗಜದವರೆಗೆ ಮುಂದೆ ಹೋಗಬಹುದಾದ್ದರಿಂದ ಈ ತಂತ್ರ ಅಲ್ಲಿ ಸೊಗಸಾಗಿ ನಡೆಯುತ್ತದೆ. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಆ ಮಿತಿ ಒಂದೇ ಗಜ. ಆದರೆ ಈ ಆಟದಲ್ಲಿ ರನ್ನಿಂಗ್ ಬ್ಯಾಕ್ ಎಸೆತ ಪಡೆಯುವವನಾಗಿ ಇರುವುದೇ ಇಲ್ಲ. ಇಂತಹ ಆಟಗಳನ್ನೇ ನೂರಾರು ಸಲ ಆಡಿ ಬೆಳೆದ ಹುಡುಗ, ಮೂರನೆಯ ಡೌನ್‌ನಲ್ಲಿ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದರಲ್ಲಿ) ನಾಲ್ಕು ಜನರನ್ನು ಒಬ್ಬೊಬ್ಬರಾಗಿ ದಾಟಿ ಐದನೆಯವನಿಗೆ ಬರಬೇಕೆಂದರೆ ಅವನಿಗೆ ಆ ಅಭ್ಯಾಸವೇ ಇರುವುದಿಲ್ಲ. ಅಭ್ಯಾಸಕ್ಕೆ ಸಿಗುವ ಸಮಯವೂ ಕಡಿಮೆ: ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ, ಪಂದ್ಯಗಳ ಕಾಲದಲ್ಲಿ ತಂಡದ ಕಡ್ಡಾಯ ಚಟುವಟಿಕೆಗಳಿಗೆ ವಾರಕ್ಕೆ 20 ಗಂಟೆಗಳ ಮಿತಿ ಹಾಕಿದೆ. ಓದು ಮುಖ್ಯವಾದ್ದರಿಂದ ಆ ಮಿತಿ ನ್ಯಾಯವೇ. ಆದರೆ ಅಷ್ಟು ಹೊತ್ತಿನಲ್ಲಿ ಐದನೆಯ ಆಯ್ಕೆಗೆ ಸಿಗುವ ಪಾಲು ಎಷ್ಟೆಂದು ನೀವೇ ಊಹಿಸಬಹುದು.

ಮೈದಾನದ ಗೆರೆಗಳೂ ಈ ಎಸೆತವನ್ನು ಕಷ್ಟಪಡಿಸುತ್ತವೆ, ಇದನ್ನು ಹೇಳುವವರು ಕಡಿಮೆ. ಮೈದಾನದ ಅಗಲ 160 ಅಡಿ. ಪ್ರತಿ ಆಟ ಆರಂಭವಾಗುವ ಜಾಗವನ್ನು ಗುರುತಿಸುವ ಎರಡು ಹ್ಯಾಶ್ ಗುರುತುಗಳ ನಡುವಿನ ಅಂತರ ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ, ಕಾಲೇಜಿನಲ್ಲಿ 40 ಅಡಿ. ಹಾಗಾಗಿ ಕಾಲೇಜಿನಲ್ಲಿ ಚೆಂಡು ಒಂದು ಪಕ್ಕದ ಗುರುತಿನ ಮೇಲಿದ್ದರೆ ಅತ್ತ ಕಡೆಯ ಅಂಚಿಗೆ 100 ಅಡಿ ದೂರವಿರುತ್ತದೆ. ಆ ಅಗಲದ ಕಡೆಗೆ ಓಡಿದ ರನ್ನಿಂಗ್ ಬ್ಯಾಕ್‌ಗೆ ಕೊಡುವ ಎಸೆತ ಲೆಕ್ಕದಲ್ಲಿ ಒಂದೆರಡು ಗಜದ್ದಾದರೂ ಗಾಳಿಯಲ್ಲಿ ಅದು ಇಪ್ಪತ್ತು ಗಜಕ್ಕೂ ಹೆಚ್ಚು ಸಾಗಬೇಕಾಗಬಹುದು. ಅಷ್ಟರಲ್ಲಿ ಎದುರಾಳಿ ಓಡಿಬರಲು ಬೇಕಾದಷ್ಟು ಸಮಯ ಸಿಗುತ್ತದೆ. ರನ್ನಿಂಗ್ ಬ್ಯಾಕ್ ಕ್ವಾರ್ಟರ್‌ಬ್ಯಾಕ್‌ಗಿಂತ ಸ್ವಲ್ಪ ಹಿಂದಿದ್ದರಂತೂ ಅದು ಹಿಂದಕ್ಕೆ ಎಸೆದ ಚೆಂಡು ಎನಿಸಿಕೊಳ್ಳುತ್ತದೆ. ಮುಂದಕ್ಕೆ ಎಸೆದದ್ದು ಕೈತಪ್ಪಿ ನೆಲಕ್ಕೆ ಬಿದ್ದರೆ ಆಟ ಅಲ್ಲಿಗೆ ನಿಲ್ಲುತ್ತದೆ, ಹಿಂದಕ್ಕೆ ಎಸೆದದ್ದು ಬಿದ್ದರೆ ಆಟ ನಡೆಯುತ್ತಲೇ ಇರುತ್ತದೆ, ಎದುರಾಳಿ ಅದನ್ನು ಹಿಡಿದುಕೊಳ್ಳಬಹುದು. ಆ ಭಯ ಕೋಚ್‌ಗಳಿಗೂ ಇದೆ, ಹುಡುಗರಿಗೂ ಇದೆ.

ಇಷ್ಟೆಲ್ಲ ಅಡಚಣೆಗಳಿದ್ದರೂ ಇದನ್ನು ಕಲಿಸಬಹುದು ಎಂಬುದಕ್ಕೆ ಲೂಸಿಯಾನಾದ ಎಲ್‌ಎಸ್‌ಯು ತಂಡದ 2019ರ ಋತುವಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಅದರ ಕ್ವಾರ್ಟರ್‌ಬ್ಯಾಕ್ ಜೋ ಬರೋ 2018ರಲ್ಲಿ ತನ್ನ ಎಸೆತಗಳಲ್ಲಿ ಶೇಕಡಾ 57.8ರಷ್ಟನ್ನು ಮಾತ್ರ ಪೂರ್ಣಗೊಳಿಸಿದ್ದ. ಮರುವರ್ಷ ಅದು ಶೇಕಡಾ 76.3ಕ್ಕೆ ಏರಿತು, 60 ಟಚ್‌ಡೌನ್ ಎಸೆತಗಳು, 15 ಪಂದ್ಯಗಳಲ್ಲಿ 15 ಗೆಲುವು, ಕಾಲೇಜು ಆಟದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ, ರಾಷ್ಟ್ರೀಯ ಚಾಂಪಿಯನ್ ಪಟ್ಟ. ಕಣ್ಣುಗಳು ಅವೇ, ತೋಳೂ ಅದೇ. ಬದಲಾದದ್ದು ರಚನೆ. ಎನ್‌ಎಫ್‌ಎಲ್‌ನ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದಿಂದ ಬಂದ ಯುವ ಕೋಚ್ ಜೋ ಬ್ರೇಡಿ ಮತ್ತು ಆಕ್ರಮಣದ ಸಂಯೋಜಕ ಸ್ಟೀವ್ ಎನ್ಸ್‌ಮಿಂಗರ್ ಸೇರಿ, ರಕ್ಷಣೆಯ ಹೊಣೆಯನ್ನು ಅನೇಕ ಸಲ ಐವರು ಲೈನ್‌ಮನ್‌ಗಳಿಗೇ ಬಿಟ್ಟು ರನ್ನಿಂಗ್ ಬ್ಯಾಕ್‌ನನ್ನು ಕಾವಲಿನ ಕೆಲಸದಿಂದ ಬಿಡಿಸಿದರು. ಅವನು ಖಂಡಿತ ಹೊರಬರುತ್ತಾನೆ ಎಂಬುದು ಬರೋಗೆ ಗೊತ್ತಿದ್ದರೆ ಅವನನ್ನು ಹುಡುಕುವ ಕಷ್ಟವೇ ಇರುವುದಿಲ್ಲ. ಕ್ಲೈಡ್ ಎಡ್ವರ್ಡ್ಸ್-ಹೆಲೇರ್ ಆ ವರ್ಷ 55 ಎಸೆತಗಳನ್ನು ಹಿಡಿದು 453 ಗಜ ಗಳಿಸಿದ. ನವೆಂಬರ್ 9ರಂದು ಅಲಬಾಮಾ ತಂಡವನ್ನು ಅದರ ನೆಲದಲ್ಲೇ 46-41ರಿಂದ ಸೋಲಿಸಿದ ಪಂದ್ಯದಲ್ಲಿ ಅವನೊಬ್ಬನೇ ಒಂಬತ್ತು ಎಸೆತ ಹಿಡಿದಿದ್ದ. ದೂರಕ್ಕೆ ಓಡುವ ಜಮಾರ್ ಚೇಸ್, ಜಸ್ಟಿನ್ ಜೆಫರ್ಸನ್‌ರಂಥ ರಿಸೀವರ್‌ಗಳು ಇದ್ದ ತಂಡದಲ್ಲಿ ಇಷ್ಟು ಚೆಂಡು ರನ್ನಿಂಗ್ ಬ್ಯಾಕ್‌ನ ಕೈಸೇರಿತು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಚೆಕ್‌ಡೌನ್ ಎಂದರೆ ಅಂಜುಬುರುಕರ ಆಟ ಎಂಬ ತಪ್ಪು ಭಾವನೆ ಅಭಿಮಾನಿಗಳಲ್ಲಿ ಬೇರೂರಿದೆ. ಚೇಸ್ ಮತ್ತು ಜೆಫರ್ಸನ್‌ಗೆ ಹೆದರಿ ಹಿಂದಕ್ಕೆ ಸರಿದವರ ಮುಂದೆ ಬರಿದಾದ ಜಾಗವನ್ನೇ ಎಡ್ವರ್ಡ್ಸ್-ಹೆಲೇರ್ ಬಳಸಿಕೊಂಡ. ಅವನನ್ನು ತಡೆಯಲು ಮುಂದಕ್ಕೆ ಬಂದವರ ಬೆನ್ನ ಹಿಂದೆ ಅವರಿಬ್ಬರಿಗೆ ಜಾಗ ಸಿಕ್ಕಿತು.

ಇದನ್ನು ಇನ್ನೂ ಮುಂದಕ್ಕೆ ಕೊಂಡೊಯ್ದವರು ಹ್ಯಾಲ್ ಮಮ್ಮಿ ಮತ್ತು ಮೈಕ್ ಲೀಚ್. ಅಯೋವಾ ವೆಸ್ಲಿಯನ್ ಎಂಬ ಪುಟ್ಟ ಕಾಲೇಜಿನಲ್ಲಿ ಅವರು ರೂಪಿಸತೊಡಗಿದ ಏರ್ ರೇಡ್ ಪದ್ಧತಿಯಲ್ಲಿ ರನ್ನಿಂಗ್ ಬ್ಯಾಕ್‌ಗೆ ಕೊಡುವ ಚಿಕ್ಕ ಎಸೆತ ಓಟದ ಬದಲಿಗೇ ಬರುತ್ತದೆ: ಅದನ್ನು ಓಟವೆಂದೇ ಎಣಿಸಬೇಕು, ನಾಲ್ಕೈದು ಗಜ ಬಂದರೆ ಒಳ್ಳೆಯ ಓಟವಾಯಿತೆಂದು ತೃಪ್ತಿಪಡಬೇಕು. ಆಟಗಳ ಸಂಖ್ಯೆಯನ್ನು ಕಡಿಮೆ ಮಾಡಿ ಅವನ್ನೇ ದಿನವೂ ಮಾಡಿಸುವುದು ಅವರ ಕ್ರಮ. ಲೀಚ್ ವಾಷಿಂಗ್ಟನ್ ಸ್ಟೇಟ್‌ನಲ್ಲಿದ್ದಾಗ ರನ್ನಿಂಗ್ ಬ್ಯಾಕ್ ಜೇಮ್ಸ್ ವಿಲಿಯಮ್ಸ್ 2018ರಲ್ಲಿ 83 ಎಸೆತಗಳನ್ನು, ಮ್ಯಾಕ್ಸ್ ಬೋರ್ಗಿ 2019ರಲ್ಲಿ 86 ಎಸೆತಗಳನ್ನು ಹಿಡಿದರು. ಆ ಎರಡು ವರ್ಷಗಳಲ್ಲಿ ಕ್ವಾರ್ಟರ್‌ಬ್ಯಾಕ್‌ಗಳು ಬೇರೆ ಬೇರೆ, ರನ್ನಿಂಗ್ ಬ್ಯಾಕ್‌ಗೆ ಬಂದ ಚೆಂಡು ಮಾತ್ರ ಅಷ್ಟೇ. ಕಲಿಸಿದರೆ ಕಲಿಯುತ್ತಾರೆ ಎನ್ನಲು ಇನ್ನೇನು ಬೇಕು?

ಆದರೆ ಲೀಚ್ ಅವರ ಕಥೆಗೇ ಇನ್ನೊಂದು ಮಗ್ಗುಲಿದೆ, ಅದನ್ನು ಮರೆಮಾಚಬಾರದು. 2020ರ ಸೆಪ್ಟೆಂಬರ್ 26ರಂದು, ಮಿಸಿಸಿಪ್ಪಿ ಸ್ಟೇಟ್ ತಂಡದ ಕೋಚ್ ಆಗಿ ಅವರ ಮೊದಲ ಪಂದ್ಯದಲ್ಲಿ, ಕ್ವಾರ್ಟರ್‌ಬ್ಯಾಕ್ ಕೆ. ಜೆ. ಕಾಸ್ಟೆಲೊ ಹಿಂದಿನ ವರ್ಷದ ಚಾಂಪಿಯನ್ ಎಲ್‌ಎಸ್‌ಯು ವಿರುದ್ಧ 623 ಗಜ ಎಸೆದು, ಆ ಎರಡೂ ತಂಡಗಳಿರುವ ಎಸ್‌ಇಸಿ ಎಂಬ ಕಾಲೇಜು ಒಕ್ಕೂಟದ ದಾಖಲೆ ಬರೆದ. ಅದರಲ್ಲಿ 158 ಗಜ ರನ್ನಿಂಗ್ ಬ್ಯಾಕ್ ಕೈಲಿನ್ ಹಿಲ್‌ನ ಎಂಟು ಹಿಡಿತಗಳಿಂದ ಬಂದವು. ಮರುವಾರ ಅರ್ಕಾನ್ಸಾ ತಂಡ ಮೂವರನ್ನು ಮಾತ್ರ ಮುಂದಕ್ಕೆ ನುಗ್ಗಿಸಿ ಎಂಟು ಜನರನ್ನು ಹಿಂದೆ ನಿಲ್ಲಿಸಿತು. ಚಿಕ್ಕ ಎಸೆತ ಬೇಕಾದರೆ ತೆಗೆದುಕೊಳ್ಳಿ, ಹಿಡಿದ ಕ್ಷಣವೇ ಕೆಡವುತ್ತೇವೆ ಎಂಬುದು ಅದರ ಲೆಕ್ಕಾಚಾರ. ಕಾಸ್ಟೆಲೊ ಆ ಗುಂಪಿನೊಳಕ್ಕೆ ಎಸೆದು ಮೂರು ಇಂಟರ್‌ಸೆಪ್ಷನ್ ಕೊಟ್ಟ, ಅಂದರೆ ಮೂರು ಎಸೆತಗಳು ಎದುರಾಳಿಗಳ ಕೈಸೇರಿದವು, ಮಿಸಿಸಿಪ್ಪಿ ಸ್ಟೇಟ್ 21-14ರಿಂದ ಸೋತಿತು. ಅದರ ಮುಂದಿನ ವಾರ ಕೆಂಟಕಿ ವಿರುದ್ಧ 24-2ರ ಸೋಲು. ಎದುರಾಳಿ ತಾನಾಗಿಯೇ ಬಿಟ್ಟುಕೊಟ್ಟ ಜಾಗದಲ್ಲಿ ರನ್ನಿಂಗ್ ಬ್ಯಾಕ್ ಒಂಟಿಯಾಗಿ ಕಂಡರೆ ಅದು ಯಾವಾಗಲೂ ಲಾಭವಲ್ಲ. ಹಿಡಿದ ಮೇಲೆ ಮೊದಲ ಎದುರಾಳಿಯನ್ನು ತಪ್ಪಿಸಿಕೊಳ್ಳುವ ಅವಕಾಶವಿದ್ದಾಗ ಮಾತ್ರ ಆ ಒಂಟಿತನಕ್ಕೆ ಬೆಲೆ.

ಹಾಗಾದರೆ ಎಸೆಯಬೇಕಾದದ್ದು ಯಾವಾಗ? ನಾಲ್ಕು ಡೌನ್‌ಗಳಲ್ಲಿ ಹತ್ತು ಗಜ ಸಾಗಬೇಕೆಂಬುದು ನಿಮಗೆ ತಿಳಿದೇ ಇದೆ. ವಿಶ್ಲೇಷಕ ಬಿಲ್ ಕಾನೆಲಿ ಕಾಲೇಜು ಆಟಕ್ಕೆ ಬಳಸಿದ ಯಶಸ್ಸಿನ ಅಳತೆಯಂತೆ ಮೊದಲ ಡೌನ್‌ನಲ್ಲಿ ಬೇಕಾದ ದೂರದ ಶೇಕಡಾ 50, ಎರಡನೆಯದರಲ್ಲಿ ಶೇಕಡಾ 70, ಮೂರನೆಯ ಮತ್ತು ನಾಲ್ಕನೆಯದರಲ್ಲಿ ಪೂರ್ತಿ ದೂರ ಬಂದರೆ ಆ ಆಟ ಯಶಸ್ವಿ. ಈ ಅಳತೆಯಲ್ಲಿ ಮೊದಲ ಡೌನ್‌ನ ಐದು ಗಜದ ಚೆಕ್‌ಡೌನ್ ಪೂರ್ತಿ ಗೆಲುವು, ಮೂರನೆಯ ಡೌನ್‌ನಲ್ಲಿ ಹನ್ನೆರಡು ಗಜ ಬೇಕಿದ್ದಾಗ ಅದೇ ಎಸೆತ ಸೋಲು. ಕ್ರಿಕೆಟ್ ಬಲ್ಲವರಿಗೆ ಇದು ಒಂಟಿ ರನ್ ಕದಿಯುವಂತೆ ತೋರಬಹುದು, ಆದರೆ ಒಂಟಿ ರನ್ ಯಾವ ಓವರ್‌ನಲ್ಲಿ ಬಂದರೂ ಮೊತ್ತಕ್ಕೆ ಸೇರುತ್ತದೆ. ಇಲ್ಲಿ ಗಡಿ ಮುಟ್ಟದ ನಾಲ್ಕು ಗಜ ಚೆಂಡಿನ ಜೊತೆಗೆ ಎದುರಾಳಿಯ ಪಾಲಾಗುತ್ತದೆ. ಹೀಗಾಗಿ ಮೂರನೆಯ ಡೌನ್‌ನಲ್ಲಿ ಒಂಟಿ ರನ್ನಿಂಗ್ ಬ್ಯಾಕ್‌ನನ್ನು ಬಿಟ್ಟು ದೂರಕ್ಕೆ ಎಸೆದವನನ್ನು ನಾನು ಸಾಮಾನ್ಯವಾಗಿ ದೂಷಿಸುವುದಿಲ್ಲ. ಮೊದಲ ಮತ್ತು ಎರಡನೆಯ ಡೌನ್‌ಗಳಲ್ಲಿ ಬಿಟ್ಟವನ ಬಗ್ಗೆ ಮಾತ್ರ ನನಗೆ ನಿಜವಾದ ಚಿಂತೆ. ಎರಡನೆಯ ಡೌನ್‌ಗೆ ಐದು ಗಜ ಉಳಿದರೆ ಕೋಚ್ ಯಾವ ಆಟವನ್ನಾದರೂ ಕರೆಯಬಹುದು. ಹತ್ತು ಉಳಿದರೆ ಎದುರಾಳಿಗೆ ಎಸೆತ ಬರುವುದು ಮೊದಲೇ ಗೊತ್ತಾಗುತ್ತದೆ.

ಈ ನಷ್ಟ ಅಂಕಿ-ಅಂಶಗಳಲ್ಲಿ ಸುಲಭವಾಗಿ ಕಾಣದಿರುವುದಕ್ಕೂ ಕಾರಣವಿದೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹಿಡಿದುಕೊಂಡೇ ನೆಲಕ್ಕುರುಳಿ ಸ್ಯಾಕ್ ಆದಾಗ ಕಳೆದುಕೊಂಡ ಗಜಗಳನ್ನು ಎನ್‌ಎಫ್‌ಎಲ್ ತಂಡದ ಎಸೆತದ ಲೆಕ್ಕದಿಂದ ಕಳೆಯುತ್ತದೆ. ಕಾಲೇಜು ಲೆಕ್ಕದಲ್ಲಿ ಅವು ಓಟದ ಖಾತೆಗೆ ಹೋಗುತ್ತವೆ. ಹಾಗಾಗಿ ಚೆಕ್‌ಡೌನ್ ಬಿಟ್ಟು ನಾಲ್ಕು ಸಲ ನೆಲಕ್ಕುರುಳಿದ ಹುಡುಗನ ಎಸೆತದ ಸಾಲು ಪತ್ರಿಕೆಯಲ್ಲಿ ಕಳಂಕವಿಲ್ಲದೆ ಹೊಳೆಯುತ್ತದೆ. ಈ ಪದ್ಧತಿಯನ್ನು ಬದಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ರನ್ನಿಂಗ್ ಬ್ಯಾಕ್‌ನ ಪಾಲಿನ ತಪ್ಪನ್ನೂ ಹೇಳಬೇಕು. ಲೈನ್‌ಮನ್ ಒಬ್ಬನ ನೇರ ಹಿಂದೆ ನಿಂತುಬಿಟ್ಟವನು ಮೇಲಿನ ಕ್ಯಾಮೆರಾಕ್ಕೆ ಒಂಟಿಯಾಗಿ ಕಂಡರೂ ಕ್ವಾರ್ಟರ್‌ಬ್ಯಾಕ್‌ಗೆ ಇಲ್ಲದಂತೆಯೇ. ಒಳ್ಳೆಯ ರನ್ನಿಂಗ್ ಬ್ಯಾಕ್ ಸಾಲನ್ನು ದಾಟಿ ನಾಲ್ಕಾರು ಗಜ ಹೋಗಿ, ಇಬ್ಬರು ಲೈನ್‌ಮನ್‌ಗಳ ನಡುವಿನ ಸಂದಿಗೆ ಸರಿದು, ಮುಖವನ್ನು ಹಿಂದಕ್ಕೆ ತಿರುಗಿಸಿ ಎದೆಯ ಮುಂದೆ ಕೈ ತೋರಿಸುತ್ತಾನೆ. ಕ್ವಾರ್ಟರ್‌ಬ್ಯಾಕ್‌ಗೆ ಕಲಿಸಬೇಕಾದದ್ದು ಮುಖ್ಯವಾಗಿ ಪಾದಗಳ ಪಾಠ. ಹಿಂದಕ್ಕೆ ಇಟ್ಟ ಕೊನೆಯ ಹೆಜ್ಜೆಗೆ ಮೊದಲ ಆಯ್ಕೆ, ಆಮೇಲಿನ ಒಂದು ಪುಟ್ಟ ಜಿಗಿತಕ್ಕೆ ಎರಡನೆಯದು, ಮತ್ತೊಂದಕ್ಕೆ ರನ್ನಿಂಗ್ ಬ್ಯಾಕ್ ಎಂದು ಪಾದ ಮತ್ತು ಕಣ್ಣನ್ನು ಕಟ್ಟಿಬಿಟ್ಟರೆ, ಇನ್ನು ನೋಡಲೇ ಎಂದು ಯೋಚಿಸುವ ಪ್ರಶ್ನೆಯೇ ಉಳಿಯುವುದಿಲ್ಲ. ಪಾದ ತಿರುಗಿದ ಕಡೆಗೆ ಸೊಂಟ, ಸೊಂಟ ತಿರುಗಿದ ಕಡೆಗೆ ಕಣ್ಣು ಹೋಗುತ್ತದೆ. ಎಸೆತವೂ ಹದವಾಗಿರಬೇಕು. ಬೆನ್ನ ಹಿಂದಕ್ಕೋ ಮೊಣಕಾಲಿಗೋ ಬಿದ್ದ ಚೆಂಡಿಗಾಗಿ ರನ್ನಿಂಗ್ ಬ್ಯಾಕ್ ನಿಂತು ಬಗ್ಗಿದರೆ, ಹಿಡಿದರೂ ಓಡಲು ಹೊತ್ತಿರುವುದಿಲ್ಲ.

ವೃತ್ತಿಪರ ಆಟದಲ್ಲಿ ಇದು ಸುಗಮವಾಗಿ ಕಾಣುವುದಕ್ಕೆ ಕಾರಣಗಳು ಈಗ ನಿಮಗೆ ಹೊಳೆದಿರಬಹುದು: ಹತ್ತಿರದ ಹ್ಯಾಶ್ ಗುರುತುಗಳು, ಇಡೀ ವಾರದ ಅಭ್ಯಾಸ, ಹಲವು ವರ್ಷಗಳ ಅನುಭವ. ಜೊತೆಗೆ ಅಲ್ಲಿ ಈ ಎಸೆತಕ್ಕೆ ಹಳೆಯ ಪರಂಪರೆಯಿದೆ. ಕೋಚ್ ಬಿಲ್ ವಾಲ್ಷ್ ಸಿನ್ಸಿನಾಟಿಯಲ್ಲಿ ರೂಪಿಸಿ ಸ್ಯಾನ್ ಫ್ರಾನ್ಸಿಸ್ಕೊ ತಂಡದಲ್ಲಿ ಬೆಳೆಸಿದ ಚಿಕ್ಕ ಎಸೆತಗಳ ಪದ್ಧತಿಯಲ್ಲಿ ರಾಜರ್ ಕ್ರೇಗ್ 1985ರಲ್ಲಿ 92 ಎಸೆತಗಳನ್ನು ಹಿಡಿದು, ಒಂದೇ ಋತುವಿನಲ್ಲಿ ಓಟದಿಂದ ಸಾವಿರ ಗಜ, ಹಿಡಿತದಿಂದ ಸಾವಿರ ಗಜ ಗಳಿಸಿದ ಮೊದಲಿಗನಾದ. ಆತ ಬಂದದ್ದು ಓಟದ ಆಟಕ್ಕೇ ಹೆಸರಾಗಿದ್ದ ನೆಬ್ರಾಸ್ಕಾ ಕಾಲೇಜಿನಿಂದ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. 2017ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯದಲ್ಲಿ, 28-3ರ ಹಿನ್ನಡೆಯಿಂದ ನ್ಯೂ ಇಂಗ್ಲೆಂಡ್ ಗೆದ್ದಾಗ ಟಾಮ್ ಬ್ರೇಡಿ ರನ್ನಿಂಗ್ ಬ್ಯಾಕ್ ಜೇಮ್ಸ್ ವೈಟ್‌ಗೆ ಕೊಟ್ಟದ್ದರಲ್ಲಿ 14 ಎಸೆತಗಳು ಪೂರ್ಣಗೊಂಡವು. ಅದು ಸೂಪರ್ ಬೌಲ್ ದಾಖಲೆಯಾಯಿತು. ಇಪ್ಪತ್ತೈದು ಅಂಕ ಹಿಂದಿದ್ದಾಗಲೂ ಬ್ರೇಡಿ ಹತ್ತಿರದವನನ್ನು ಕೈಬಿಡಲಿಲ್ಲ.

ಮುಂದಿನ ಶನಿವಾರ ಚೆಂಡನ್ನು ಹಿಂಬಾಲಿಸುವ ಬದಲು ಸ್ನ್ಯಾಪ್‌ನಿಂದಲೇ ರನ್ನಿಂಗ್ ಬ್ಯಾಕ್‌ನನ್ನು ನೋಡಿ. ಅವನು ಯಾರನ್ನಾದರೂ ತಡೆಯಲು ನಿಂತನೇ, ಎಷ್ಟು ಹೊತ್ತಿಗೆ ಹೊರಬಂದ, ಹೊರಬಂದವನು ಹಿಂದಕ್ಕೆ ಮುಖ ತಿರುಗಿಸಿದನೇ ಎಂಬುದನ್ನು ಗಮನಿಸಿ. ಆಮೇಲೆ ಲೈನ್‌ಬ್ಯಾಕರ್‌ಗಳು ಎಷ್ಟು ಗಜ ಹಿಂದಿದ್ದಾರೆ ನೋಡಿ. ರನ್ನಿಂಗ್ ಬ್ಯಾಕ್‌ನಿಂದ ಏಳೆಂಟು ಗಜ ದೂರವಿದ್ದರೆ ಆ ಎಸೆತಕ್ಕೆ ಬೆಲೆಯಿದೆ, ಮೂರು ಗಜದಲ್ಲಿದ್ದರೆ ಅಷ್ಟಾಗಿ ಇಲ್ಲ. ಅವನು ಬೇಗ ಹೊರಬಂದು, ಮುಖ ತೋರಿಸಿ, ಎದುರಾಳಿಗಳು ದೂರವಿದ್ದು, ಡೌನ್ ಮೊದಲನೆಯದೋ ಎರಡನೆಯದೋ ಆಗಿದ್ದೂ ಕ್ವಾರ್ಟರ್‌ಬ್ಯಾಕ್‌ನ ಪಾದಗಳು ಮೊದಲ ಆಯ್ಕೆಯ ಕಡೆಗೇ ನೆಟ್ಟಿದ್ದರೆ, ಅಂತಹ ಆಟದಲ್ಲಿ ನಿಮ್ಮ ದೂರು ಅವನ ಮೇಲೆ ಮತ್ತು ಅವನ ಕೋಚ್‌ನ ಮೇಲೆ ನ್ಯಾಯವಾಗಿಯೇ ನಿಲ್ಲುತ್ತದೆ.